ಬಿಡುಗಡೆ ಸಮಾರಂಭದ ವರದಿ ವಿಮರ್ಶೆಯಲ್ಲ

ನಾನಿರುವ ಬ್ರಿಟನ್ನಿನಲ್ಲಿ ಹೊಸ ಆಲ್ಬಮ್‌ಗಳು ಶುಕ್ರವಾರ ಹೊರಬರುತ್ತವೆ. 2015ರ ಜುಲೈಯಿಂದ ಹೆಚ್ಚುಕಡಿಮೆ ಜಗತ್ತಿಗೆಲ್ಲ ಅದೇ ದಿನ. ವಿಮರ್ಶಕರ ಕೈಗೆ ಹಾಡುಗಳು ಮೊದಲೇ ಸಿಕ್ಕಿರುತ್ತವೆ. ಬರಹದ ತುದಿಗೆ ಐದಕ್ಕೆ ಇಷ್ಟು ಎಂದು ನಕ್ಷತ್ರ. ಶಿವಮೊಗ್ಗದ ಕಡೆ ಆಲ್ಬಮ್ ಬಂದರೆ ಓದಲು ಸಿಗುವುದು ಹೆಚ್ಚಾಗಿ ಸಮಾರಂಭದ ಸುದ್ದಿ: ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ಶಾಲು ಹೊದೆಸಿಕೊಂಡವರು. ತಬಲಾ ನುಡಿಸಿದವರ ಹೆಸರಿಗೆ ಜಾಗವಿರುವುದಿಲ್ಲ, ಧ್ವನಿಮುದ್ರಣ ಮಾಡಿದವರದಂತೂ ಕೇಳಲೇಬೇಡಿ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಂದಿನಿಂದ ಭಾವಗೀತೆಯ ಆಲ್ಬಮ್‌ಗಳಿಗೇನೂ ಬರವಿಲ್ಲ. ಆದರೆ ಅವುಗಳ ಬಗೆಗಿನ ಬರಹ ಕವಿತೆಯ ಅರ್ಥ ಹೇಳುವಲ್ಲಿಗೇ ನಿಂತುಬಿಡುತ್ತದೆ.

ಮಲೆನಾಡಿಗೆ ವಿಮರ್ಶೆ ಗೊತ್ತಿಲ್ಲವೆಂದಲ್ಲ. ಯಕ್ಷಗಾನದ ಆಟದ ಮರುದಿನ, ಭಾಗವತರ ಶ್ರುತಿ ಎಲ್ಲಿ ಇಳಿಯಿತು, ಚಂಡೆ ಎಲ್ಲಿ ಪದವನ್ನು ನುಂಗಿತು ಎಂದು ಹೇಳುವವರು ತೀರ್ಥಹಳ್ಳಿ, ಸಾಗರದ ಹೋಟೆಲುಗಳಲ್ಲೇ ಸಿಗುತ್ತಾರೆ. ಹೆಗ್ಗೋಡಿನ ನೀನಾಸಮ್ ಶಿಬಿರದಲ್ಲಿ ರಾತ್ರಿ ಕಂಡ ನಾಟಕವನ್ನು ಬೆಳಿಗ್ಗೆ ಕೂತು ಚರ್ಚಿಸುತ್ತಾರೆ. ಅಲ್ಲಿ ಅಂಕವಿಲ್ಲ, ಕಾರಣ ಕೇಳುತ್ತಾರೆ. ಇದೇ ಕಿವಿ ಆಲ್ಬಮ್‌ ಕಡೆಗೂ ತಿರುಗಲಿ ಎಂಬುದೇ ನನ್ನ ಆಸೆ. ಲಂಡನ್ನಿನ ನಕ್ಷತ್ರಗಳು ಬೇಡ.

ಏಕೆಂದರೆ ಆ ನಕ್ಷತ್ರಗಳು ಎಲ್ಲ ಸಂಗೀತಕ್ಕೂ ಒಂದೇ ಕೋಲು ಹಿಡಿಯುತ್ತವೆ. ಪಂಕ್ ಎಂಬ ಬಿರುಸಿನ, ಒರಟು ರಾಕ್ ನುಡಿಸುವ ರಾಮೋನ್ಸ್ ತಂಡದ 1976ರ ಮೊದಲ ಆಲ್ಬಮ್‌ನಲ್ಲಿ 14 ಹಾಡು, ಒಟ್ಟು ಅರ್ಧ ಗಂಟೆಗೂ ಕಡಿಮೆ. ಕ್ರಾಫ್ಟ್‌ವರ್ಕ್ ಎಂಬ ಎಲೆಕ್ಟ್ರಾನಿಕ್ ತಂಡದ 1974ರ ‘ಆಟೋಬಾನ್’ ಹಾಡೊಂದೇ 22 ನಿಮಿಷ ದಾಟುತ್ತದೆ. ಡ್ರಮ್ ಪೆಟ್ಟುಗಳನ್ನು ಕಂಪ್ಯೂಟರಿನ ಸಮ ಅಂತರದ ತಾಳದ ಗೆರೆಗೆ ಕೂರಿಸಿದರೆ ಪಂಕ್ ಸಪ್ಪೆ. ಎಲೆಕ್ಟ್ರಾನಿಕ್ ಸಂಗೀತ ಬಹುಪಾಲು ನಿಂತಿರುವುದೇ ಆ ಗೆರೆಯ ಮೇಲೆ.

ರಾಕ್ ಆಲ್ಬಮ್‌ಗಳನ್ನು ಹೋಲಿಸುವ ಮೊದಲು ಸದ್ದಿನ ಮಟ್ಟ ಸಮ ಮಾಡಿಕೊಳ್ಳಬೇಕು. ಒಂದು ಡೆಸಿಬೆಲ್ ಜೋರಿದ್ದದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಸ್ಪಾಟಿಫೈ ಹಾಡುಗಳನ್ನು ಸದ್ದಿನ ಜೋರಿನ ಅಳತೆಯಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತರುತ್ತದೆ. ಇನ್ನೂ ಜೋರಾಗಿ ಮೈನಸ್ 8ಕ್ಕೆ ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಆದದ್ದು 6 ಡೆಸಿಬೆಲ್ ಇಳಿಯುತ್ತದೆ. ಸದ್ದಿನ ತುದಿಗಳನ್ನು ಅದುಮುವ ಲಿಮಿಟರ್ ಚಪ್ಪಟೆ ಮಾಡಿದ ಪೆಟ್ಟು ಮಾತ್ರ ಮರಳುವುದಿಲ್ಲ. ಮೆಟಾಲಿಕಾ ತಂಡದ 2008ರ ‘ಡೆತ್ ಮ್ಯಾಗ್ನೆಟಿಕ್’ ಬಗ್ಗೆ ಅಭಿಮಾನಿಗಳೇ ದೂರಿದ್ದು ಇದಕ್ಕೆ. ಅದೇ ಹಾಡುಗಳು ವಿಡಿಯೊ ಗೇಮಿನಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತಿದ್ದವು.

ಜನಪದದಲ್ಲಿ ಎಡವಟ್ಟು ಬೇರೆ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರನ್ನು ಸ್ಟುಡಿಯೊಗೆ ಕರೆತಂದರೆನ್ನಿ. ಶ್ರುತಿಪೆಟ್ಟಿಗೆ ಇಲ್ಲದೆ ಹಾಡುವ ಗುಂಪಿನ ಷಡ್ಜ, ಅಂದರೆ ಆಧಾರಸ್ವರ, ಹಾಡು ಸಾಗಿದಂತೆ ತುಸು ಏರುವುದೋ ಇಳಿಯುವುದೋ ಸಹಜ. ಮೇಲೆ ಕೀಬೋರ್ಡ್ ಸೇರಿಸಿದಾಗ ಎರಡೂ ಜಗಳವಾಡುತ್ತವೆ. ಆಗ ದೂರು ಗಾಯಕರ ಮೇಲೆ! ಸಾಫ್ಟ್‌ವೇರ್ ಹಾಕಿ ದನಿಗಳನ್ನು ಕೀಬೋರ್ಡಿನ 12 ಮನೆಗಳಿಗೆ ಎಳೆಯುತ್ತಾರೆ, ಸ್ವರಗಳ ನಡುವಿನ ಜಾರು ಅಲ್ಲಿಗೆ ಮುಗಿಯಿತು. ಕೀಬೋರ್ಡ್ ಬಿಟ್ಟರೆ ಈ ರಗಳೆಯೇ ಇಲ್ಲ. ಬೇಕೇ ಬೇಕೆಂದರೆ ಮೊದಲಿನಿಂದಲೇ ಕಿವಿಗೆ ಶ್ರುತಿ ಕೊಟ್ಟು ಹಾಡಿಸಬೇಕು. ‘ಸಾಹಿತ್ಯ: ಜಾನಪದ’ ಎಂದಷ್ಟೇ ಬರೆದಿದ್ದರೆ, ಯಾವ ಊರಿನ ಪಾಠ, ಯಾರಿಂದ ಕಲಿತದ್ದು ಎಂದು ವಿಮರ್ಶಕ ಕೇಳಲೇಬೇಕು. ಇಂಗ್ಲಿಷ್ ಜನಪದ ಆಲ್ಬಮ್‌ಗಳ ಹಾಳೆಯಲ್ಲಿ ಈ ವಿವರ ಸಾಮಾನ್ಯವಾಗಿ ಇರುತ್ತದೆ. ಅಲ್ಲಿಂದ ಕಲಿಯಬೇಕಾದದ್ದು ಇದು. ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಪದಗಳಿವೆ, ಧಾಟಿ ಮಾತ್ರ ಹೊಸದು. ಅದನ್ನು ಹೊಸ ರಚನೆಯೆಂದೇ ತೂಗಬೇಕು, ಭಜನೆಯ ಮಟ್ಟು ಹಿಡಿದಲ್ಲ.

ಇನ್ನು ಡೊಳ್ಳು. ಒಂದು ಮಗ್ಗುಲಿಗೆ ಕೋಲು, ಇನ್ನೊಂದಕ್ಕೆ ಅಂಗೈ. ಕೋಲಿನ ಕಡೆಗೊಂದೇ ಮೈಕ್ ಇಟ್ಟರೆ ಟಕಟಕ ಉಳಿದು ಗುಡುಗು ಹೋಗುತ್ತದೆ. ಎರಡು ಕಡೆ ಎರಡು ಇಟ್ಟು, ಒಂದರ ಫೇಸ್ (ಧ್ವನಿ ಅಲೆಯ ಏರಿಳಿತ) ತಲೆಕೆಳಗು ಮಾಡಿ ನೋಡಬೇಕು. ಯಾವುದರಲ್ಲಿ ತಳದ ಸದ್ದು ತುಂಬಿ ಬರುತ್ತದೋ ಅದನ್ನು ಇಟ್ಟುಕೊಳ್ಳುವುದು. ಇಷ್ಟೆಲ್ಲ ಮಾಡಿದ ಮೇಲೂ ವಿಮರ್ಶಕ ಮೊಬೈಲ್ ಸ್ಪೀಕರಿನಲ್ಲಿ ಕೇಳಿ ‘ಡೊಳ್ಳಿಗೆ ಗತ್ತಿಲ್ಲ’ ಎಂದರೆ ತಪ್ಪು ಯಾರದು? ಆ ಪುಟ್ಟ ಸ್ಪೀಕರು 150 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಕೊಡದು. ಎಲೆಕ್ಟ್ರಾನಿಕ್ ಆಲ್ಬಮ್‌ನ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು, ಇರುವುದೇ 50–60ರ ಆಸುಪಾಸು. ಎರಡನ್ನೂ ಹೆಡ್‌ಫೋನಿನಲ್ಲಿ ಒಮ್ಮೆ, ದೊಡ್ಡ ಸ್ಪೀಕರಿನಲ್ಲಿ ಒಮ್ಮೆ ಕೇಳಿ, ಯಾವುದರಲ್ಲಿ ಕೇಳಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಲಿ.