ಕಾರ್ಯಕ್ರಮ ಮುಗಿದ ರಾತ್ರಿ ಮಲಗಲು ಜಾಗ ಕೊಡಿ

ಮಳೆ ಹಿಂದೆ ಸರಿಯುತ್ತಿದ್ದಂತೆ ಫೋನುಗಳು ಶುರುವಾಗಿವೆ. ದಸರಾ, ರಾಜ್ಯೋತ್ಸವ, ಕಾಲೇಜು ವಾರ್ಷಿಕೋತ್ಸವ, ಊರಹಬ್ಬ, ಜಾತ್ರೆ. ಇನ್ನು ಮೇ ಕೊನೆಯವರೆಗೆ ನಮ್ಮಂಥ ಸಣ್ಣ ರಾಕ್ ಬ್ಯಾಂಡ್‌ಗಳಿಗೆ ಮಲೆನಾಡಿನಲ್ಲಿ ತಿರುಗಾಟದ ಕಾಲ. ಕರೆಯುವವರು ಕೇಳುವ ಪ್ರಶ್ನೆಗಳು ಎಲ್ಲ ಊರಿನಲ್ಲೂ ಅವೇ: ಸಂಭಾವನೆ ಎಷ್ಟು, ಎಷ್ಟು ಹೊತ್ತು ನುಡಿಸುತ್ತೀರಿ, ಸಿನಿಮಾ ಹಾಡು ಇರುತ್ತದೆಯೇ. ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಅಂದು ರಾತ್ರಿ ನಮ್ಮ ತಂಡ ಎಲ್ಲಿ ಮಲಗಬೇಕು? ಆಗ ಬರುವ ಉತ್ತರವೂ ಎಲ್ಲ ಕಡೆ ಒಂದೇ. ‘ಶಿವಮೊಗ್ಗ ಇಲ್ಲೇ ಅಲ್ಲವೇ, ಒಂದೂವರೆ ತಾಸಿನ ದಾರಿ, ಮುಗಿಸಿಕೊಂಡು ಹೊರಟುಬಿಡಿ.’

ಈ ‘ಹೊರಟುಬಿಡಿ’ ಎಂಬ ಮಾತಿನ ವಿರುದ್ಧ ಇಷ್ಟುದ್ದ ಬರೆಯುತ್ತಿದ್ದೇನೆ. ಕಾರ್ಯಕ್ರಮ ಏರ್ಪಡಿಸುವ ಸಂಘಗಳವರು, ಕಾಲೇಜು ಉಪನ್ಯಾಸಕರು, ಜಾತ್ರಾ ಸಮಿತಿಯವರು ನನ್ನ ಸ್ನೇಹಿತರ ಪಟ್ಟಿಯಲ್ಲಿ ಬಹಳ ಮಂದಿ ಇದ್ದೀರಿ. ದಯವಿಟ್ಟು ಪೂರ್ತಿ ಓದಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್. ಸಾಗರದಿಂದ 70ರ ಆಸುಪಾಸು. ಹಗಲಿನಲ್ಲಿ ಅದು ನಿಜಕ್ಕೂ ‘ಇಲ್ಲೇ’. ಆದರೆ ಕಾರ್ಯಕ್ರಮದ ದಿನ ನಮಗೆ ಬೆಳಗಾಗುವುದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಬೆಳಗ್ಗೆ ಆರಕ್ಕೆ ಅಭ್ಯಾಸದ ಕೋಣೆಯಿಂದ ಸಾಮಾನು ಇಳಿಸಲು ಶುರು ಮಾಡುತ್ತೇವೆ. ಡ್ರಮ್ ಸೆಟ್, ಸಿಂಬಲ್‌ಗಳು, ಗಿಟಾರ್ ಆಂಪ್ಲಿಫೈಯರ್‌ಗಳು, ಮಿಕ್ಸರ್, ಕೇಬಲ್ ತುಂಬಿದ ಪೆಟ್ಟಿಗೆಗಳು. ನನ್ನ ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆ ಒಂದನ್ನು ಇಳಿಸಲು ಇಬ್ಬರು ಬೇಕು. ಟೆಂಪೊ ಟ್ರಾವೆಲರ್‌ನ ಹಿಂದಿನ ಸೀಟುಗಳನ್ನು ತೆಗೆದು ಇವನ್ನೆಲ್ಲ ಜೋಡಿಸಿ ಹೊರಡುವಷ್ಟರಲ್ಲಿ ಎಂಟು. ಮಧ್ಯಾಹ್ನದೊಳಗೆ ತಲುಪಿದರೂ ಅಲ್ಲಿ ವೇದಿಕೆಗೆ ಇನ್ನೂ ಮೊಳೆ ಹೊಡೆಯುತ್ತಿರುತ್ತಾರೆ.

ಅಷ್ಟು ಬೇಗ ಬರುವುದೇಕೆ ಎಂದು ಕೇಳುವವರಿದ್ದಾರೆ. ಎಲ್ಲಕ್ಕಿಂತ ಮೊದಲು ನಾವು ನೋಡುವುದು ಕರೆಂಟನ್ನು. ಅರ್ಥಿಂಗ್ ಸರಿ ಇಲ್ಲದ ಕಡೆ, ಗಿಟಾರಿನ ತಂತಿಯ ಮೇಲೆ ಕೈ ಇಟ್ಟವನ ತುಟಿ ಮೈಕಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಸ್ಟೋನ್ ದ ಕ್ರೋಸ್ ಎಂಬ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ವಿದ್ಯುತ್ ಆಘಾತದಿಂದ ಸತ್ತ. ಹಾಗಾಗಿ ನಮ್ಮ ಸೌಂಡ್ ನೋಡಿಕೊಳ್ಳುವ ಹುಡುಗ ಟೆಸ್ಟರ್ ಮತ್ತು ಮೀಟರ್ ಹಿಡಿದು ಪ್ರತಿ ಪ್ಲಗ್ ಮುಟ್ಟಿ ನೋಡುವವರೆಗೆ ನಾವು ಯಾರೂ ವಾದ್ಯ ಬಿಚ್ಚುವುದಿಲ್ಲ. ಆಮೇಲೆ ಜನರೇಟರ್, ಆಮೇಲೆ ಒಂದೊಂದೇ ಮೈಕು, ಆಮೇಲೆ ಸೌಂಡ್ ಚೆಕ್. ಅದಾದ ಮೇಲೂ ಮಲೆನಾಡಿನ ತೇವ ನಮ್ಮನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಸಂಜೆ ಇಬ್ಬನಿ ಇಳಿಯುತ್ತಿದ್ದಂತೆ ತಂತಿಯ ಶ್ರುತಿ ಜಾರುತ್ತದೆ, ಗಿಟಾರಿನ ಮರದ ಕತ್ತು ಬಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಕೂಡಿಸಿದ್ದನ್ನು ಆರಕ್ಕೆ ಮತ್ತೆ ಕೂಡಿಸಬೇಕು.

ಏಳಕ್ಕೆ ಎಂದಿದ್ದು ಭಾಷಣ, ಸನ್ಮಾನ, ಮಕ್ಕಳ ನೃತ್ಯ ಮುಗಿದು ಎಂಟೂವರೆಗೆ ನಮ್ಮ ಕೈಗೆ ಬರುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ವೇದಿಕೆಯ ಪಕ್ಕದ ಮನೆಯಲ್ಲಿ ಹಸುಗೂಸು ಇರುತ್ತದೆ, ಕಾಯಿಲೆಯವರು ಇರುತ್ತಾರೆ. ಹತ್ತಕ್ಕೆ ನಿಲ್ಲಿಸುತ್ತೇವೆ. ಆದರೆ ನಮ್ಮ ಕೆಲಸ ಹತ್ತಕ್ಕೆ ಮುಗಿಯುವುದಿಲ್ಲ. ಬಿಚ್ಚಿ, ಒರೆಸಿ, ಸುತ್ತಿ, ಗಾಡಿಗೆ ತುಂಬಲು ಎರಡು ತಾಸು. ಹನ್ನೆರಡಕ್ಕೆ ಅನ್ನ, ಸಾರು, ಪಾಯಸದ ಊಟ. ಒಂದು ಗಂಟೆಗೆ, ಹೊಟ್ಟೆ ತುಂಬಿದ ಮೇಲೆ, ‘ಇಲ್ಲೇ ಅಲ್ಲವೇ’ ಎನ್ನುವ ದಾರಿಗೆ ಬೀಳುತ್ತೇವೆ.

ಚಾಲಕ ಆ ಹೊತ್ತಿಗೆ ಎಚ್ಚರಾಗಿ ಹತ್ತೊಂಬತ್ತು ತಾಸು ಆಗಿರುತ್ತದೆ. ಸತತ 17 ತಾಸು ಎಚ್ಚರವಿದ್ದ ಮನುಷ್ಯನ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಕುಡಿದ ಚಾಲಕನ ಗಾಡಿಗೆ ನಮ್ಮನ್ನು ಹತ್ತಿಸಲು ಯಾವ ಸಮಿತಿಯೂ ಒಪ್ಪುವುದಿಲ್ಲ. ಒಂದು ಹನಿ ಮುಟ್ಟದೆ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುವವನ ಕೈಗೆ ಮಾತ್ರ ಹಾರ ಹಾಕಿ, ಪ್ರೀತಿಯಿಂದ ಕೈಬೀಸಿ ಒಪ್ಪಿಸುತ್ತಾರೆ.

ನಮಗೆ ಆದದ್ದನ್ನು ಹೇಳುತ್ತೇನೆ. ಉಡುಪಿ ಕಡೆ ಕಾರ್ಯಕ್ರಮ ಮುಗಿಸಿ ಆಗುಂಬೆ ಹತ್ತಿ ಬರುತ್ತಿದ್ದೆವು. ಘಾಟಿಯ 14 ತಿರುವುಗಳಲ್ಲಿ ಗಾಡಿಯಲ್ಲಿದ್ದ ಎಲ್ಲರೂ ಎಚ್ಚರವಾಗಿದ್ದೆವು. ಚಾಲಕ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆದು, ಎದುರಿನ ಬೆಳಕು ನೋಡಿ, ನಿಧಾನಕ್ಕೆ ಏರಿಸಿದ. ಆಗುಂಬೆ ಬಂತು, ತೀರ್ಥಹಳ್ಳಿ ದಾಟಿತು. ಎಲ್ಲರೂ ಒಬ್ಬೊಬ್ಬರಾಗಿ ತಲೆ ವಾಲಿಸಿದೆವು. ಮಂಡಗದ್ದೆ ಹತ್ತಿರ, ರಸ್ತೆ ತುಂಗೆಯ ಪಕ್ಕದಲ್ಲೇ ಸಾಗುವಲ್ಲಿ, ಗಾಡಿಯ ಎಡಗಾಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿದ ಸದ್ದಿಗೆ ಡ್ರಮ್ಮರ್‌ಗೆ ಎಚ್ಚರವಾಯಿತು. ಅವನು ಕೂಗಿಕೊಂಡ. ಚಾಲಕನ ಕಣ್ಣು ತೆರೆದೇ ಇತ್ತು, ಆದರೆ ಆತ ನಿದ್ದೆಯಲ್ಲಿದ್ದ. ಗಾಡಿ ನಿಂತಾಗ ನದಿಗೂ ನಮಗೂ ನಡುವೆ ಒಂದು ಮರವಿತ್ತು. ಆತ ಇಳಿದು ರಸ್ತೆಯ ಮೇಲೆ ಕುಳಿತು ಅತ್ತ. ಐವತ್ತು ದಾಟಿದ, ಇಡೀ ಆಯುಷ್ಯ ಗಾಡಿ ಓಡಿಸಿದ ಮನುಷ್ಯ. ತಪ್ಪು ಅವನದಲ್ಲ. ಘಾಟಿ ಕೊಲ್ಲುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಹೆದರಿಕೆ ಇರುವಲ್ಲಿ ನಿದ್ದೆ ಬರುವುದಿಲ್ಲ. ಘಾಟಿ ಮುಗಿದು, ಮನೆ ಹತ್ತಿರವಾಯಿತು ಎನ್ನಿಸುವ ನೇರ ರಸ್ತೆಯಲ್ಲಿ ಅದು ಬರುತ್ತದೆ.

ನಾನು ಬೇಸ್ ಗಿಟಾರ್ ಹಿಡಿಯಲು ಕಾರಣ ಕ್ಲಿಫ್ ಬರ್ಟನ್. ಮೆಟಾಲಿಕಾ ಬ್ಯಾಂಡಿನ ಬೇಸ್ ವಾದಕ. 1986ರ ಸೆಪ್ಟೆಂಬರ್ 26ರ ರಾತ್ರಿ ಸ್ಟಾಕ್‌ಹೋಮ್‌ನಲ್ಲಿ ನುಡಿಸಿ, ಕೋಪನ್‌ಹೇಗನ್‌ಗೆ ಹೋಗಲು ಬಸ್ಸು ಹತ್ತಿದ. 27ರ ನಸುಕಿನಲ್ಲಿ ಸ್ವೀಡನ್ನಿನ ಹಳ್ಳಿಗಾಡಿನ ರಸ್ತೆಯಲ್ಲಿ ಬಸ್ಸು ಮಗುಚಿ ಸತ್ತ. ಅವನಿಗೆ 24 ವರ್ಷ. ಅದಕ್ಕೆ ಹಿಂದಿನ ವರ್ಷ, 1985ರ ಡಿಸೆಂಬರ್ 22ರಂದು, ಮಿನಿಟ್‌ಮೆನ್ ಬ್ಯಾಂಡಿನ ಡಿ. ಬೂನ್ ಜ್ವರ ಬಂದು ವ್ಯಾನಿನ ಹಿಂಭಾಗದಲ್ಲಿ ಮಲಗಿದ್ದ. ಅಮೆರಿಕದ ಅರಿಜೋನಾದಲ್ಲಿ ವ್ಯಾನು ಉರುಳಿದಾಗ ಹೊರಕ್ಕೆ ಎಸೆಯಲ್ಪಟ್ಟು ತೀರಿಕೊಂಡ. ಅವನಿಗೆ 27. ನಮ್ಮ ಗಾಡಿಯಲ್ಲೂ ಸುಸ್ತಾದವರು ಹಿಂದೆ ಪೆಟ್ಟಿಗೆಗಳ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಬೂನ್‌ನ ಕಥೆ ಓದಿದ ಮೇಲೆ ಅದನ್ನು ನಿಲ್ಲಿಸಿದೆವು.

ಇನ್ನೂ ಹಳೆಯದು ಅಮೆರಿಕದ ರಾಕ್ ಗಾಯಕ ಬಡ್ಡಿ ಹಾಲಿಯ ಸಾವು. 1959ರ ಫೆಬ್ರುವರಿ 3ರ ವಿಮಾನ ಅಪಘಾತ ಎಂದು ಎಲ್ಲರಿಗೂ ಗೊತ್ತು. ಆತ ಆ ಸಣ್ಣ ವಿಮಾನ ಹತ್ತಿದ್ದೇಕೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕೊರೆಯುವ ಚಳಿಗಾಲದಲ್ಲಿ ಹೀಟರ್ ಕೆಟ್ಟ ಬಸ್ಸಿನಲ್ಲಿ ಊರಿಂದೂರಿಗೆ ಅಲೆದು, ತಂಡದ ಡ್ರಮ್ಮರ್‌ನ ಪಾದಗಳು ಹಿಮದ ಚಳಿಗೆ ಮರಗಟ್ಟಿ ಆಸ್ಪತ್ರೆ ಸೇರಿದ್ದ. ಮುಂದಿನ ಊರಿಗೆ ಬೇಗ ತಲುಪಿ ಸ್ವಲ್ಪ ವಿಶ್ರಾಂತಿ ಪಡೆಯಬೇಕು, ಬಟ್ಟೆ ಒಗೆಸಿಕೊಳ್ಳಬೇಕು ಎಂದು ಹಾಲಿ ವಿಮಾನ ಗೊತ್ತುಮಾಡಿದ. 22 ವರ್ಷದ ಆ ಹುಡುಗನಿಗೆ ಬೇಕಿದ್ದದ್ದು ಒಂದು ಬೆಚ್ಚನೆಯ ಹಾಸಿಗೆ.

ಇವು ದೂರದ ಕಥೆಗಳು ಎನ್ನಬೇಡಿ. ರಾತ್ರಿ ಆಟ ಮುಗಿಸಿ ಬೈಕಿನಲ್ಲಿ ಮನೆಗೆ ಮರಳುತ್ತಿದ್ದ ಯಕ್ಷಗಾನ ಕಲಾವಿದರು ರಸ್ತೆಯಲ್ಲಿ ಸತ್ತ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಒಮ್ಮೆಯಲ್ಲ, ಮತ್ತೆ ಮತ್ತೆ. ಬೆಳಗಿನವರೆಗೆ ಆಟ ನಡೆಯುತ್ತಿದ್ದ ಕಾಲದಲ್ಲಿ ಮಂಗಳ ಹಾಡಿದಾಗ ಬೆಳಕಾಗಿರುತ್ತಿತ್ತು. ಕಲಾವಿದರು ಚೌಕಿಯಲ್ಲಿ ಬಣ್ಣ ತೆಗೆದು, ಬಿಡಾರಕ್ಕೆ ಹೋಗಿ ಹಗಲೆಲ್ಲ ಮಲಗುತ್ತಿದ್ದರು. ಈಗ ಕಾಲಮಿತಿಯ ಆಟ ಮಧ್ಯರಾತ್ರಿಯ ಸುತ್ತಮುತ್ತ ಮುಗಿಯುತ್ತದೆ. ಪ್ರೇಕ್ಷಕನಿಗೆ ಅನುಕೂಲವಾಯಿತು. ಕಲಾವಿದನಿಗೆ ಬಿಡಾರ ಹೋಯಿತು, ನಿದ್ದೆಗಣ್ಣಿನ ಬೈಕು ಬಂತು. ಆಟದ ಹೊತ್ತನ್ನು ಬದಲಿಸಿದವರು ಆಟದ ನಂತರದ ಹೊತ್ತಿನ ಬಗ್ಗೆ ಯೋಚಿಸಲಿಲ್ಲ. ನಮ್ಮ ವಿಷಯದಲ್ಲಿ ಆಗುತ್ತಿರುವುದೂ ಅದೇ.

ಬಂದ ಕಲಾವಿದರನ್ನು ಉಳಿಸಿಕೊಳ್ಳುವುದು ಈ ಸೀಮೆಗೆ ಹೊಸದೇನೂ ಅಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಶುರು ಮಾಡಿತು. ರಂಗಸಜ್ಜಿಕೆ, ಬೆಳಕು, ನಟರು ಎಲ್ಲ ಒಂದೇ ಗಾಡಿಯಲ್ಲಿ ಊರೂರು ಸುತ್ತಿ ನಾಟಕ ಆಡುವ ಪದ್ಧತಿ. ರಾಕ್ ಬ್ಯಾಂಡಿನ ಪ್ರವಾಸ ಎಂದು ನಾವು ದೊಡ್ಡದಾಗಿ ಹೇಳಿಕೊಳ್ಳುವುದನ್ನು ನಮ್ಮದೇ ಜಿಲ್ಲೆಯ ಒಂದು ಹಳ್ಳಿ ಎಷ್ಟೋ ಮೊದಲೇ ಮಾಡಿ ತೋರಿಸಿದೆ. ನಾನು ಚಿಕ್ಕವನಿದ್ದಾಗ ನಾಟಕದವರು ಬಂದರೆ ನಮ್ಮ ಬೀದಿಯಲ್ಲಿ ಮನೆಗೆ ಇಬ್ಬರಂತೆ ಹಂಚಿಕೊಳ್ಳುತ್ತಿದ್ದರು. ನಮ್ಮ ಜಗಲಿಯಲ್ಲಿ ಮಲಗಿದ್ದ ನಟನೊಬ್ಬ ಬೆಳಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುತ್ತ ಹಾಡುತ್ತಿದ್ದ. ಹಿಂದಿನ ರಾತ್ರಿ ರಾಜನಾಗಿದ್ದವನು ಇವನೇ ಎಂದು ನಂಬಲು ನನಗೆ ಬಹಳ ಹೊತ್ತು ಹಿಡಿಯಿತು. ನನ್ನೊಳಗೆ ಸಂಗೀತದ ಆಸೆ ಹುಟ್ಟಿದ್ದು ಪ್ರದರ್ಶನದಿಂದ ಎಷ್ಟೋ, ಆ ಬೆಳಗಿನಿಂದಲೂ ಅಷ್ಟೇ.

ನಾವು ರಾತ್ರಿ ಉಳಿದುಕೊಂಡ ಊರುಗಳಲ್ಲಿ ನಮಗೆ ಸಿಕ್ಕಿದ್ದೂ ಇಂಥದ್ದೇ. ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ ಶಾಲೆಯ ಕೋಣೆಯಲ್ಲಿ ಮಲಗಿದ್ದೆವು. ಬೆಳಗ್ಗೆ ಕಡುಬು ತಂದುಕೊಟ್ಟ ಹಿರಿಯರೊಬ್ಬರು ಹಳೆಯ ಮದ್ದಳೆಗಾರರು. ನಮ್ಮ ಡ್ರಮ್ ಪೆಟ್ಟಿಗೆ ತೆರೆಸಿದರು. ದೊಡ್ಡ ಡ್ರಮ್ಮಿನ ಮೇಲೆ ಅಂಗೈ ಇಟ್ಟು, ಇದಕ್ಕೆ ಚರ್ಮವೇ ಇಲ್ಲವಲ್ಲ, ಹಾಗಾದರೆ ತೇವಕ್ಕೆ ಸಡಿಲಾಗುವುದಿಲ್ಲವೇ ಎಂದು ಕೇಳಿದರು. ನಮ್ಮ ಡ್ರಮ್ಮರ್ ಮತ್ತು ಅವರು ಒಂದು ತಾಸು ತಾಳ ಹಾಕುತ್ತ ಕುಳಿತಿದ್ದರು. ಅವರು ಹೇಳಿಕೊಟ್ಟ ಏಳು ಮಾತ್ರೆಯ ಒಂದು ನಡೆ ನಮ್ಮ ಹಾಡೊಂದರಲ್ಲಿ ಈಗಲೂ ಇದೆ. ರಾತ್ರಿ ಒಂದಕ್ಕೆ ಹೊರಟುಬಿಟ್ಟಿದ್ದರೆ ಆ ಊರಿನಿಂದ ನಮಗೆ ಸಿಗುತ್ತಿದ್ದದ್ದು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ.

ದುಡ್ಡಿಲ್ಲ ಎನ್ನುವವರಿಗೆ ಹೇಳುತ್ತೇನೆ. ನಮಗೆ ಲಾಡ್ಜ್ ಬೇಡ, ಹೋಂಸ್ಟೇ ಬೇಡ. ಶನಿವಾರ ಭಾನುವಾರ ಪ್ರವಾಸಿಗರ ನಡುವೆ ಅವು ಸಿಗುವುದೂ ಇಲ್ಲ. ಶಾಲೆಯ ಕೋಣೆ, ಸಮುದಾಯ ಭವನ, ಕಲ್ಯಾಣ ಮಂಟಪದ ವರನ ಕಡೆಯವರ ಕೋಣೆ, ಯಾರದಾದರೂ ಅಡಿಕೆ ಮನೆಯ ಜಗಲಿ, ಯಾವುದಾದರೂ ಆದೀತು. ಚಾಪೆ, ಹೊದಿಕೆ ನಾವೇ ತರುತ್ತೇವೆ. ವೇದಿಕೆಯ ಹಿಂದೆ ಬೆಂಗಳೂರಿನಿಂದ ಎಲ್‌ಇಡಿ ಪರದೆ ತರಿಸಲು ಒದಗುವ ದುಡ್ಡಿನ ಒಂದು ಅಂಚು ಸಾಕು ಇದಕ್ಕೆ.

ನನ್ನ ಜೊತೆಯ ಕಲಾವಿದರಿಗೂ ಒಂದು ಮಾತಿದೆ. ರಾತ್ರಿಯಿಡೀ ಓಡಿ ಮರುದಿನ ಮತ್ತೊಂದು ಊರಿನಲ್ಲಿ ನುಡಿಸುವುದೇ ರಾಕ್ ಬದುಕು ಎಂಬ ಹುಚ್ಚು ಹೊಸ ಹುಡುಗರಲ್ಲಿ ಬಹಳ ಇದೆ. ಸ್ಟೇಟಸ್‌ನಲ್ಲಿ ನಸುಕಿನ ಮೂರು ಗಂಟೆಯ ರಸ್ತೆಯ ಚಿತ್ರ ಹಾಕುತ್ತಾರೆ. ಅದನ್ನು ನೋಡಿದಾಗ ನನಗೆ ಕೋಪ ಬರುತ್ತದೆ, ಆ ಚಿತ್ರ ತೆಗೆದವನ ಮೇಲಿನ ಪ್ರೀತಿಯಿಂದಲೇ. ನಮ್ಮಲ್ಲಿ ಹೆಚ್ಚಿನವರಿಗೆ ಬೆಳಗಾದರೆ ಬೇರೆ ಕೆಲಸವಿದೆ, ಗೊತ್ತು. ನಮ್ಮ ತಂಡದಲ್ಲೂ ಒಬ್ಬ ಬ್ಯಾಂಕಿನಲ್ಲಿದ್ದಾನೆ, ಒಬ್ಬನಿಗೆ ಮೊಬೈಲ್ ಅಂಗಡಿ ಇದೆ, ಒಬ್ಬ ತೋಟ ನೋಡಿಕೊಳ್ಳುತ್ತಾನೆ. ರಾತ್ರಿ ಒಂದರಿಂದ ಐದೂವರೆವರೆಗೆ ಮಲಗಿ ಎದ್ದು ಹೊರಟರೂ ಸಾಗರದಿಂದ ಎಂಟರೊಳಗೆ ಮನೆ ಸೇರಬಹುದು. ಬ್ಯಾಂಕು ತೆರೆಯುವುದು ಹತ್ತಕ್ಕೆ.

ನಮ್ಮ ತಂಡ ಈ ಹಂಗಾಮಿನಿಂದ ಹೀಗೆ ತೀರ್ಮಾನಿಸಿದೆ. ಕಾರ್ಯಕ್ರಮ ಮುಗಿದ ರಾತ್ರಿ ನಮ್ಮ ಗಾಡಿ ಬೆಳಗ್ಗೆ ಐದಕ್ಕೆ ಮೊದಲು ಊರು ಬಿಡುವುದಿಲ್ಲ. ಮಲಗುವ ಜಾಗ ಒಪ್ಪಂದದ ಮೊದಲ ಸಾಲಿನಲ್ಲಿ ಇರುತ್ತದೆ, ಸಂಭಾವನೆ ಎರಡನೆಯ ಸಾಲಿನಲ್ಲಿ. ಜಾಗ ಕೊಡುವ ಊರಿಗೆ ಸಂಭಾವನೆಯಲ್ಲಿ ಕಡಿಮೆ ಮಾಡಿಕೊಳ್ಳಲು ನಾವು ಸಿದ್ಧ. ಜಾಗ ಇಲ್ಲವೆಂದರೆ ಎಷ್ಟೇ ಕೊಟ್ಟರೂ ಬರುವುದಿಲ್ಲ. ಈಗಾಗಲೇ ಎರಡು ಕಡೆ ಬೇಡ ಎಂದಿದ್ದೇವೆ. ಅದರಿಂದ ಆದ ನಷ್ಟ ನಮಗೆ ಸಣ್ಣದಲ್ಲ.

ನಾವು ನುಡಿಸುವವರು ಐವರು, ಸೌಂಡ್ ಹುಡುಗ ಒಬ್ಬ, ಚಾಲಕ ಒಬ್ಬರು. ಊಟದ ಎಲೆ ಹಾಕುವಾಗ ಚಾಲಕರನ್ನು ಕೊನೆಯ ಪಂಕ್ತಿಗೆ ಕಳಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ, ‘ಗಾಡಿಯಲ್ಲೇ ಮಲಗುತ್ತಾರಲ್ಲ’ ಎನ್ನುವುದನ್ನು ಕೇಳಿದ್ದೇನೆ. ನಿಮ್ಮ ಊರಿನಲ್ಲಿ ಒಂದೇ ಒಂದು ಹಾಸಿಗೆ ಇದೆ ಎಂದಾದರೆ ಅದು ಅವರಿಗೆ. ಸೌಂಡ್ ಚೆಕ್ ಮುಗಿಯುವ ಮೊದಲೇ ಅವರಿಗೆ ಊಟ ಕೊಟ್ಟು, ಕೋಣೆಯ ಬೀಗದ ಕೈ ಕೊಟ್ಟುಬಿಡಿ. ನಮ್ಮ ಹಾಡು ಅವರು ಸಾಕಷ್ಟು ಕೇಳಿದ್ದಾರೆ.