ಸರ್ಕ್ಯುಲರ್ ಹಾಕಿದ ಮಾತ್ರಕ್ಕೆ ಕಮಿಟಿ ಜವಾಬ್ದಾರಿ ಮುಗಿಯಲ್ಲ

"ಮೆಟ್ಟಿಲಲ್ಲಿ ಸಾಮಾನು ಇಡಬೇಡಿ ಅಂತ ಗ್ರೂಪಲ್ಲಿ ಮೆಸೇಜ್ ಹಾಕಿದ್ದೀವಿ, ನೋಟಿಸ್ ಬೋರ್ಡಿಗೂ ಅಂಟಿಸಿದ್ದೀವಿ. ಇಷ್ಟಾದ ಮೇಲೂ ಜನ ಕೇಳಲ್ಲ ಅಂದ್ರೆ ನಾವೇನ್ ಮಾಡೋಕಾಗುತ್ತೆ?" ಅಪಾರ್ಟ್‌ಮೆಂಟ್ ಕಮಿಟಿಯವರ ಬಾಯಲ್ಲಿ ಈ ಮಾತು ನೀವೂ ಕೇಳಿರುತ್ತೀರಿ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಸಂಬಳ ಇಲ್ಲದ ಕೆಲಸ. ಆಫೀಸ್ ಮುಗಿಸಿ ಬಂದು ಟ್ಯಾಂಕರ್ ಬಿಲ್ಲು, ಲಿಫ್ಟ್ ರಿಪೇರಿ, ಪಾರ್ಕಿಂಗ್ ಜಗಳ ಅಂತ ಒದ್ದಾಡುತ್ತಾರೆ. ಆದರೂ ಹೇಳಲೇಬೇಕು. ಜೀವಕ್ಕೆ ಅಪಾಯ ಇರುವ ವಿಷಯದಲ್ಲಿ ಸರ್ಕ್ಯುಲರ್ ಹಾಕಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ನಾಳೆ ಆ ಸರ್ಕ್ಯುಲರೇ ಕಮಿಟಿಗೆ ಮುಳುವಾಗಬಹುದು. ಅಪಾಯ ಇರುವುದು ಇವರಿಗೆ ಮೊದಲೇ ಗೊತ್ತಿತ್ತು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ನಮ್ಮ ಬ್ಲಾಕಿನ ಒಂದು ಮಹಡಿಯ ಕಥೆ ಹೇಳುತ್ತೇನೆ. ಮೆಟ್ಟಿಲಿಗೆ ಹೋಗುವ ಫೈರ್ ಡೋರ್ ತಾನಾಗೇ ಮುಚ್ಚಿಕೊಳ್ಳಬೇಕು. ಗಾಳಿ ಬರಲಿ ಅಂತ ಅದಕ್ಕೆ ಕ್ರೋಟನ್ ಗಿಡದ ಕುಂಡ ಅಡ್ಡ ಇಟ್ಟಿದ್ದಾರೆ. ಅದರಾಚೆ ಲ್ಯಾಂಡಿಂಗ್‌ನಲ್ಲಿ ಮಕ್ಕಳ ಸೈಕಲ್, ಹಳೇ ಹಾಸಿಗೆ, ಟಿವಿ ಬಂದಿದ್ದ ರಟ್ಟಿನ ಡಬ್ಬ, ಅದರೊಳಗಿನ ಥರ್ಮಾಕೋಲ್. ಬೆಂಕಿ ಆರಿಸುವ ಪೈಪ್ ಇಡುವ, ಗೋಡೆ ಮೇಲಿನ ಹೋಸ್ ಬಾಕ್ಸ್ ತೆಗೆದರೆ ಒಳಗೆ ಪೊರಕೆ, ಫಿನಾಯಿಲ್ ಬಾಟಲಿ. ಹೋಸಿನ ಹಿತ್ತಾಳೆ ನಾಝಲ್ ಮಾತ್ರ ಇಲ್ಲ. ಇದನ್ನೆಲ್ಲ ಫೆಸಿಲಿಟಿ ಮ್ಯಾನೇಜರ್ ದಿನಾ ನೋಡುತ್ತಾರೆ. ಕಮಿಟಿಯವರೂ ನೋಡುತ್ತಾರೆ.

ಬೆಂಕಿ ಬಿದ್ದ ಕಟ್ಟಡದಲ್ಲಿ ಜನ ಸುಟ್ಟು ಸಾಯುವುದಕ್ಕಿಂತ ಹೊಗೆಗೆ ಉಸಿರುಗಟ್ಟಿ ಸಾಯುವುದೇ ಜಾಸ್ತಿ. ಆ ಬಾಗಿಲು ಮುಚ್ಚಿದ್ದರೆ ಮೆಟ್ಟಿಲ ಕಡೆಗೆ ಹೊಗೆ ಬರುವುದು ತಡವಾಗುತ್ತದೆ, ಮೇಲಿನವರು ಇಳಿದು ಬರಬಹುದು. ತೆರೆದಿದ್ದರೆ ಇಡೀ ಮೆಟ್ಟಿಲ ಕೊಠಡಿಯೇ ಒಲೆಯ ಹೊಗೆಗೂಡಾಗುತ್ತದೆ. ಕೆಳಗೆ ಎದ್ದ ಹೊಗೆ ನೇರ ಮೇಲಕ್ಕೆ. ಕುಂಡ ಇಟ್ಟವರ ಮನೆ ಎರಡನೇ ಮಹಡಿಯಲ್ಲಿರಬಹುದು, ಉಸಿರು ಕಟ್ಟುವುದು ಒಂಬತ್ತನೇ ಮಹಡಿಯ ಅಜ್ಜಿಗೆ.

ಬೆಂಗಳೂರಿನವರಿಗೆ ಇದು ಹೊಸ ಪಾಠವೇನಲ್ಲ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅದು ಆಫೀಸ್ ಕಟ್ಟಡ, ಆದರೆ ವೈರ್‌ಗಳು ಹಾಯುವ ಡಕ್ಟ್‌ನಲ್ಲಿ ಹೊಗೆ ಏರಿದ್ದು, ತುರ್ತು ದಾರಿ ಮುಚ್ಚಿದ್ದು ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲೂ ಆಗಬಹುದಾದದ್ದೇ. ಆಮೇಲೆ 2021ರ ಸೆಪ್ಟೆಂಬರ್‌ನಲ್ಲಿ ದೇವರಚಿಕ್ಕನಹಳ್ಳಿ. ಅಪಾರ್ಟ್‌ಮೆಂಟಿಗೆ ಬೆಂಕಿ ಬಿದ್ದು ತಾಯಿ, ಮಗಳು ಇಬ್ಬರೂ ಹೋದರು. ಬಾಲ್ಕನಿಗೆ ಗ್ರಿಲ್ ಇತ್ತು, ಹೊರಗೆ ಬರಲು ದಾರಿ ಇರಲಿಲ್ಲ. ಆ ವಿಡಿಯೋ ನೋಡಿದವರು ಯಾರೂ ಮರೆತಿರಲಾರರು. ಮಕ್ಕಳಿರುವ ಮನೆಗೆ ಗ್ರಿಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಒಳಗಿನಿಂದ ಸುಲಭವಾಗಿ ತೆಗೆಯಬಹುದಾದ ಒಂದು ಬಾಗಿಲು ಅದರಲ್ಲಿ ಇರಲೇಬೇಕು ಅನ್ನುತ್ತಿದ್ದೇನೆ. ಹಾಗಂತ ಕಮಿಟಿ ನಿಯಮ ಮಾಡಿದರೆ "ನಮ್ಮನೆ ಬಾಲ್ಕನಿ, ನಮ್ಮಿಷ್ಟ" ಅಂತ ಯಾರೂ ಜಗಳಕ್ಕೆ ಬರಬಾರದು.

"ನಿಯಮ ಮುರಿದವರು ಓನರ್, ಕಮಿಟಿ ಯಾಕೆ ಹೊಣೆ?" ಅಂತ ಕೇಳುವವರಿದ್ದಾರೆ. ಕಾರಿಡಾರ್, ಮೆಟ್ಟಿಲು, ಬೇಸ್‌ಮೆಂಟ್ ಯಾರೊಬ್ಬರದೂ ಅಲ್ಲ, ಎಲ್ಲರದು. ಅದನ್ನು ನೋಡಿಕೊಳ್ಳೋಕೆ ಅಂತಲೇ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುತ್ತೇವೆ. ಕೈಯಲ್ಲಿ ಅಧಿಕಾರ ಇಲ್ಲ ಅನ್ನುವುದೂ ಸರಿಯಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯ 7ನೇ ಸೆಕ್ಷನ್ ಓದಿ. ಬೈಲಾ, ಅಂದರೆ ಅಸೋಸಿಯೇಷನ್ನಿನ ಒಳನಿಯಮ, ಪಾಲಿಸದ ಓನರ್ ಮೇಲೆ ನಷ್ಟ ಪರಿಹಾರಕ್ಕೋ ತಡೆಯಾಜ್ಞೆಗೋ ಕೋರ್ಟಿಗೆ ಹೋಗುವ ದಾರಿ ಅಲ್ಲಿದೆ. ಸಂದರ್ಭ ನೋಡಿ, ತೊಂದರೆಗೊಳಗಾದ ಇನ್ನೊಬ್ಬ ಓನರ್ ಕೂಡ ಹೋಗಬಹುದು. 8ನೇ ಸೆಕ್ಷನ್ ಇನ್ನೂ ಗಟ್ಟಿ. ಕಟ್ಟಡದ ಸುರಕ್ಷತೆಗೆ ಧಕ್ಕೆ ತರುವ ಕೆಲಸವನ್ನು ಉಳಿದೆಲ್ಲ ಓನರ್‌ಗಳ ಒಪ್ಪಿಗೆ ಇಲ್ಲದೆ ಯಾರೂ ಮಾಡುವಂತಿಲ್ಲ. ಅಧಿಕಾರ ಇದ್ದೂ ಬಳಸಲಿಲ್ಲ, ಗೊತ್ತಿದ್ದೂ ಸುಮ್ನಿದ್ದರು ಅಂತಾದರೆ ಅದಕ್ಕೆ ನಿರ್ಲಕ್ಷ್ಯ ಅಂತಲೇ ಹೆಸರು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲಿದೆ. ಹಳೇ ಐಪಿಸಿಯಲ್ಲಿ ಅದು 2 ವರ್ಷ ಇತ್ತು. ಇನ್ಶೂರೆನ್ಸ್ ಮಾಡಿಸಿದ್ದೇವೆ ಅಂತ ನೆಮ್ಮದಿಯಾಗಿ ಇರುವವರಿಗೆ ಹೇಳುತ್ತೇನೆ, ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡಬಹುದು, ಜೈಲಿಗೆ ನಿಮ್ಮ ಬದಲು ಹೋಗುವುದಿಲ್ಲ.

ಇದು ಪುಸ್ತಕದ ಮಾತು ಅಂದುಕೊಳ್ಳಬೇಡಿ. 2023ರ ಡಿಸೆಂಬರ್‌ನಲ್ಲಿ ವರ್ತೂರು ಕಡೆಯ ಅಪಾರ್ಟ್‌ಮೆಂಟ್ ಒಂದರ ಈಜುಕೊಳದಲ್ಲಿ ಪುಟ್ಟ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಕೆಲವೇ ವಾರಗಳಲ್ಲಿ ಪೊಲೀಸರು ಅಸೋಸಿಯೇಷನ್ ಅಧ್ಯಕ್ಷರನ್ನೂ ಸೇರಿಸಿ ಹಲವರನ್ನು ಬಂಧಿಸಿದರು. ಅಲ್ಲಿ ಯಾರೋ ಓನರ್ ನಿಯಮ ಮುರಿದಿದ್ದಲ್ಲ, ನಿರ್ವಹಣೆಯ ಪ್ರಶ್ನೆ. ಆದರೂ ಕಾಮನ್ ಏರಿಯಾದಲ್ಲಿ ಸಾವಾದರೆ ಪೊಲೀಸರು ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆ ಅನ್ನುವುದು ಗೊತ್ತಾಯಿತಲ್ವಾ?

ನನಗೆ ಇನ್ನೂ ಜಾಸ್ತಿ ಸಂಕಟ ಆಗುವುದು ಕೆಲಸದವರ ಬಗ್ಗೆ. "ಸಾರ್, ಸೈಕಲ್ ತೆಗೀರಿ" ಅಂತ ಸೆಕ್ಯುರಿಟಿಯವನು ಹೇಳಿದರೆ "ನೀನ್ಯಾರಯ್ಯ ಹೇಳೋಕೆ?" ಅಂತ ಬೈಯುತ್ತಾರೆ. ಅನಾಹುತ ಆದ ದಿನ ಎಲ್ಲರೂ ಅವನ ಕಡೆಗೇ ಬೆರಳು ತೋರಿಸುತ್ತಾರೆ. ಓನರ್‌ಗೆ ಹೇಳುವುದು ಕಮಿಟಿ ಕೆಲಸ. ತಿಂಗಳಿಗೆ ಅಷ್ಟಿಷ್ಟು ಸಂಬಳಕ್ಕೆ ಹಗಲು ರಾತ್ರಿ ಡ್ಯೂಟಿ ಮಾಡುವವನ ತಲೆಗೆ ಅದನ್ನು ಕಟ್ಟಬಾರದು.

ಹಾಗಾದರೆ ಮಾಡುವುದೇನು? ಮಹಡಿ ಮಹಡಿ ತಿರುಗಿ, ತಾರೀಕು ಕಾಣುವ ಹಾಗೆ ಫೋಟೋ ತೆಗೆಯಿರಿ. ಗ್ರೂಪಲ್ಲಿ "ಎಲ್ಲರ ಗಮನಕ್ಕೆ" ಅಂತ ಹಾಕಿದರೆ ಯಾರಿಗೂ ತಾಗುವುದಿಲ್ಲ. ಫ್ಲಾಟ್ ನಂಬರ್ ಹಾಕಿ, ತೆಗೆಯಲು ಗಡುವು ಹಾಕಿ, ಆ ಓನರ್ ಹೆಸರಿಗೇ ಬರೆದು ಕೊಡಿ, ಸಹಿ ತಗೊಳ್ಳಿ. ಬಾಡಿಗೆಗೆ ಕೊಟ್ಟು ಅಮೆರಿಕದಲ್ಲಿ ಕೂತ ಓನರ್‌ಗೂ ಇಮೇಲ್ ಹೋಗಲಿ. ಗಡುವು ಮುಗಿದರೂ ತೆಗೆಯದಿದ್ದರೆ ಬೈಲಾ ಪ್ರಕಾರ ಕಮಿಟಿಯೇ ತೆಗೆಸಲಿ, ಮಿನಿಟ್ಸ್‌ನಲ್ಲಿ ದಾಖಲಾಗಲಿ. ನೀರು, ಕರೆಂಟ್ ಕಟ್ ಮಾಡಿ ಬುದ್ಧಿ ಕಲಿಸಲು ಹೋಗಬೇಡಿ, ಅದು ಬೇರೆಯೇ ಕೇಸಾಗುತ್ತದೆ. ಬೇಸ್‌ಮೆಂಟಿನಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಇವಿ ಸ್ಕೂಟರ್ ಚಾರ್ಜ್ ಮಾಡುವುದಕ್ಕಂತೂ ಒಂದು ದಿನದ ಗಡುವೂ ಜಾಸ್ತಿ. ಮತ್ತೆ, ಅಧ್ಯಕ್ಷರ ಸ್ನೇಹಿತನ ಷೂ ರ್ಯಾಕಿಗೂ ಅದೇ ನಿಯಮ. ಒಬ್ಬರನ್ನು ಬಿಟ್ಟರೆ ಉಳಿದವರು ಯಾಕೆ ಕೇಳುತ್ತಾರೆ?

"ಹೀಗೆಲ್ಲ ಹೆದರಿಸಿದರೆ ಕಮಿಟಿಗೆ ಯಾರೂ ನಿಲ್ಲಲ್ಲ" ಅಂತ ಸ್ನೇಹಿತರೊಬ್ಬರು ಹೇಳಿದರು. ನಿಲ್ಲುವವರನ್ನು ಕಾಪಾಡುವುದು ಈ ಕಾಗದಗಳೇ. ನಾವು ನೋಡಿದೆವು, ಹೇಳಿದೆವು, ತೆಗೆಸಿದೆವು ಅಂತ ತೋರಿಸಲು ಅವರ ಹತ್ತಿರ ಏನಾದರೂ ಇರಬೇಕಲ್ಲ.

ಮುಂದಿನ ತಿಂಗಳು ನಮ್ಮ ಜನರಲ್ ಬಾಡಿ ಮೀಟಿಂಗ್ ಇದೆ. ಗಡುವು ಮುಗಿದ ಮೇಲೆ ಸಾಮಾನು ತೆಗೆಸುವ ಖರ್ಚನ್ನು ಆ ಓನರ್ ಬಿಲ್ಲಿಗೇ ಸೇರಿಸಬೇಕು, ಫೈರ್ ಡೋರ್ ಮತ್ತು ಹೋಸ್ ಬಾಕ್ಸ್‌ಗಳನ್ನು ತಿಂಗಳಿಗೊಮ್ಮೆ ಇಬ್ಬರು ಓನರ್‌ಗಳು ಪಾಳಿ ಮೇಲೆ ನೋಡಿ ಸಹಿ ಹಾಕಬೇಕು. ಬೈಲಾಗೆ ಇವೆರಡನ್ನು ಸೇರಿಸಲು ಬರೆದುಕೊಟ್ಟಿದ್ದೇನೆ. ನಮ್ಮ ಬ್ಲಾಕಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮೀಟಿಂಗಿಗೆ ಬಂದು ಕೈ ಎತ್ತಿ. ಮೊದಲ ಪಾಳಿಗೆ ನನ್ನ ಹೆಸರು ಕೊಟ್ಟಿದ್ದೇನೆ, ಜೊತೆಗೆ ಇನ್ನೊಬ್ಬರು ಬೇಕು.