ಕಥೆ ಕಡಲು ದಾಟಿತು, ಅಡುಗೆ ದಾಟಲಿಲ್ಲ

ರಿಮೇಕ್ ಅಂದರೆ ಮೂಗು ಮುರಿಯುವುದು ನಮಗೆ ಅಭ್ಯಾಸ. ‘ಸ್ವಮೇಕ್’ ಅಂತ ಎದೆ ತಟ್ಟಿಕೊಳ್ಳುವ ಗಾಂಧಿನಗರದವರಲ್ವಾ ನಾವು! ಆದರೆ ಕೊರಿಯಾ ಮತ್ತು ಜಪಾನಿನವರು ಕಥೆಗಳನ್ನು ಕಡ ತಗೊಳ್ಳುವುದು ನೋಡುತ್ತಾ ನನಗೊಂದು ಚಟ ಹತ್ತಿದೆ. ಎರಡೂ ಸಿನಿಮಾ ನೋಡಿ, ಏನು ದಾಟಲಿಲ್ಲ ಅಂತ ಹುಡುಕುವುದು.

‘ಲಿಟಲ್ ಫಾರೆಸ್ಟ್’ ತಗೊಳ್ಳಿ. ಮೂಲ ದಾಯ್ಸುಕೆ ಇಗರಾಶಿಯ ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್. ಪಟ್ಟಣ ಬಿಟ್ಟು ಹಳ್ಳಿಗೆ ವಾಪಸ್ ಬಂದ ಹುಡುಗಿ, ಬಿಟ್ಟು ಹೋದ ಅಮ್ಮ, ಹೊಲ, ಒಲೆ. ಅಷ್ಟೇ ಕಥೆ. ಜಪಾನಿನವರು ಇದನ್ನು 2014 ಮತ್ತು 2015ರಲ್ಲಿ ಎರಡು ಸಿನಿಮಾ ಮಾಡಿದರು, ಒಂದೊಂದರಲ್ಲಿ ಎರಡೆರಡು ಋತು. ಹುಡುಗಿ ಜಾಮ್ ಕಾಯಿಸುತ್ತಾಳೆ, ಅಕ್ಕಿ ಹುಳಿ ಬರಿಸುತ್ತಾಳೆ. ಬಾತುಕೋಳಿ ಕೊಯ್ಯುವುದೂ ಉಂಟು. ಕೊರಿಯಾದ ನಿರ್ದೇಶಕಿ ಇಮ್ ಸೂನ್-ರೇ 2018ರಲ್ಲಿ ನಾಲ್ಕೂ ಋತುವನ್ನು ಒಂದೇ ಸಿನಿಮಾದಲ್ಲಿ ಮುಗಿಸಿದರು. ಇದರ ನಾಯಕಿ ಕಿಮ್ ತೇ-ರಿ ಚಳಿಗಾಲದಲ್ಲಿ ಮನೆಗೆ ಬಂದವಳೇ ಹಿಮ ಕೆದಕಿ ಕೋಸು ಕಿತ್ತು ಸಾರು ಕುದಿಸುತ್ತಾಳೆ. ಯಾಕೆ ಬಂದೆ ಅಂದರೆ, ಹಸಿವಾಯ್ತು ಅಂತಾಳೆ. ಆಮೇಲೆ ಅಕ್ಕಿಯ ಹೆಂಡ, ಗೆಳೆಯರು, ಒಂದು ನಾಯಿಮರಿ. ಮಾಂಸದಡುಗೆ ಮಾತ್ರ ಇಲ್ಲ. ನಿರ್ದೇಶಕಿ ಪ್ರಾಣಿಗಳ ಪರ ಸಂಘಟನೆ ನಡೆಸಿದವರು. ಮಡಿ ಅತ್ತೆಯರಿಗೂ ಧೈರ್ಯವಾಗಿ ತೋರಿಸಬಹುದು, ಹೆಂಡದ ದೃಶ್ಯ ಓಡಿಸಿದರೆ. ನನಗೆ ಕೊರಿಯಾದ್ದು ಇಷ್ಟ, ಹೊಟ್ಟೆ ಚುರುಗುಟ್ಟಿಸುವುದು ಜಪಾನಿನದ್ದು.

ಈ ಕೊಡುಕೊಳ್ಳುವಿಕೆ ಮೊದಲಿಂದ ಹೀಗಿರಲಿಲ್ಲ. ಜಪಾನಿನ ಆಳ್ವಿಕೆ ಕಂಡಿದ್ದ ಕೊರಿಯಾ, ಜಪಾನೀ ಸಿನಿಮಾಗಳಿಗೆ ಥಿಯೇಟರ್ ಬಾಗಿಲು ತೆರೆಯತೊಡಗಿದ್ದೇ 1998ರಲ್ಲಿ. ಅದೇ ವರ್ಷ ಜಪಾನಿನ ಬಾವಿಯಿಂದ ಎದ್ದ ‘ರಿಂಗ್’ ಸಿನಿಮಾದ ದೆವ್ವ, 1999ಕ್ಕೆಲ್ಲ ಕೊರಿಯನ್ ಮಾತಾಡುತ್ತಿತ್ತು. ದೆವ್ವಕ್ಕೆ ಯಾವ ಗಡಿ!

ಉಲ್ಟಾ ಹೋದದ್ದೂ ಇದೆ. 2011ರ ಕೊರಿಯನ್ ‘ಸನ್ನಿ’ಯಲ್ಲಿ ಎಂಬತ್ತರ ದಶಕದ ಶಾಲಾ ಹುಡುಗಿಯರ ಎರಡು ಗ್ಯಾಂಗುಗಳು ಬೀದಿಯಲ್ಲಿ ಜುಟ್ಟು ಹಿಡಿದು ಹೊಡೆದಾಡುತ್ತವೆ. ಅಲ್ಲೇ ಪಕ್ಕದಲ್ಲಿ ಪ್ರತಿಭಟನೆಯವರಿಗೂ ಪೊಲೀಸರಿಗೂ ಜಟಾಪಟಿ. ಹಿನ್ನೆಲೆಯಲ್ಲಿ ‘ಟಚ್ ಬೈ ಟಚ್’ ಡಿಸ್ಕೊ. ನಗಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ. 2018ರ ಜಪಾನೀ ರಿಮೇಕು ತೊಂಬತ್ತರ ದಶಕಕ್ಕೆ ಹೋಯಿತು. ಆ ಕಾಲದ ಶಾಲಾ ಹುಡುಗಿಯರ ಸಡಿಲ ಸಾಕ್ಸು, ಪಾಪ್ ಗಾಯಕಿ ನಮಿಯೆ ಅಮುರೊ ಹಾಡು, ಎಲ್ಲ ಬಂತು. ಕೊರಿಯಾದ ಆ ಬೀದಿ ಮಾತ್ರ ಬರಲಿಲ್ಲ. ಅದು ಎಂಬತ್ತರ ಸಿಯೋಲಿನದ್ದು, ಹೇಗೆ ತರುತ್ತಾರೆ?

‘ಮಿಸ್ ಗ್ರ್ಯಾನಿ’ಯದ್ದು ಇನ್ನೂ ಮಜಾ. ಸತ್ತ ಮೇಲೆ ಇಡುವುದಕ್ಕೆ ಫೋಟೊ ತೆಗೆಸಲು ಸ್ಟುಡಿಯೊಗೆ ಹೋದ ಅಜ್ಜಿ, ಇಪ್ಪತ್ತರ ಹುಡುಗಿಯಾಗಿ ಹೊರಬರುತ್ತಾಳೆ. ವಯಸ್ಸು ಇಳಿದರೂ ಹಾಡುವುದು ಹಳೆಯ ಹಾಡನ್ನೇ. ಹಾಗಾಗಿ ಹಾಡು ಆಯಾ ದೇಶದ್ದೇ ಆಗಬೇಕು. 2014ರ ಕೊರಿಯನ್ ಅಜ್ಜಿಗೆ ಅವಳ ಕಾಲದ್ದು, 2016ರ ಜಪಾನೀ ಅಜ್ಜಿಗೆ ಅಲ್ಲಿನ ಹಳೆಯ ಗಾಯಕ ಕ್ಯು ಸಕಾಮೊಟೊ ಹಾಡಿದ್ದು. 2019ರಲ್ಲಿ ತೆಲುಗಿಗೂ ಬಂತು, ಹುಡುಗಿಯಾದ ಅಜ್ಜಿ ಸಮಂತಾ.

ಕನ್ನಡಕ್ಕೆ ತಂದರೆ ನಮ್ಮಜ್ಜಿ ಯಾರ ಹಾಡು ಹಾಡಬೇಕು ಅಂತ ಮನೆಯಲ್ಲಿ ಸುಮ್ನೆ ಕೇಳಿದೆ. ನನ್ನ ಓಟು ಪಿ. ಸುಶೀಲಾಗೆ. ಮನೆಯವರು ಎಸ್. ಜಾನಕಿ ಬಿಟ್ಟು ಕದಲುವುದಿಲ್ಲ. ಸಿನಿಮಾ ಇನ್ನೂ ಆಗಿಲ್ಲ, ಜಗಳ ಆಗಲೇ ಶುರು.